ಕೌದಿಯ ಮೇಲೆ ಭಾವಚಿತ್ರ

ಕೌದಿ ಎಂದರೇನೆಂದು ನಮ್ಮ ವಾಚನಾಲಯಕ್ಕೆ ಬರುವವರಿಗೆ ಹೇಳಿಕೊಡಬೇಕಾಗಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದವರ ಗಂಟಿನಲ್ಲಿ ಹಾಸಲಿಕ್ಕೋ ಹೊದೆಯಲಿಕ್ಕೋ ಒಂದು ಕೌದಿ ಇದ್ದೇ ಇರುತ್ತದೆ. ತೆಲುಗಿನವರು ಇದನ್ನೇ ಬೊಂತ ಎನ್ನುತ್ತಾರೆ. ಮರಾಠಿಯವರು ಗೋಧಡಿ ಎನ್ನುತ್ತಾರೆ. ಈ ಊರಿನ ಉರ್ದುವಿನಲ್ಲಿ ಗುದಡಿ. ಹೆಸರು ಯಾವುದಾದರೂ ವಸ್ತು ಒಂದೇ. ಹಳೆಯ ಸೀರೆ, ಧೋತರ, ಕುಪ್ಪಸ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ದಪ್ಪ ದಾರದಿಂದ ಉದ್ದಕ್ಕೂ ಹೊಲಿಗೆ ಹಾಕಿದರೆ ಕೌದಿಯಾಯಿತು.

ಈಚೆಗೆ ಇದರಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ತೀರಿಕೊಂಡ ತಾಯಿಯ ಸೀರೆ, ತಂದೆಯ ಧೋತರಗಳಿಂದ ಕೌದಿ ಹೊಲಿಸಿ, ಅವರ ಭಾವಚಿತ್ರವನ್ನು ಬಟ್ಟೆಯ ಮೇಲೆಯೇ ಅಚ್ಚು ಮಾಡಿಸಿ ಅದರಲ್ಲಿ ಕೂಡಿಸುವುದು. ಪರದೇಶಗಳಲ್ಲಿ ಇಂಥದಕ್ಕೆ ನೆನಪಿನ ಹೊದಿಕೆ ಎಂದು ಹೆಸರುಂಟು. ವಾಚನಾಲಯದ ಕೆಲವು ಮಿತ್ರರು ಈ ವಿಷಯವಾಗಿ ನನ್ನನ್ನು ಕೇಳಿದರು. ಗಿರಣಿಯ ಕಾರಕೂನನಾದುದರಿಂದ ಬಟ್ಟೆಯ ವಿಚಾರವೆಲ್ಲ ಇವನಿಗೆ ಗೊತ್ತಿರಬೇಕೆಂದು ಅವರ ಎಣಿಕೆ. ಲೆಕ್ಕದ ಪುಸ್ತಕ ಬರೆಯುವವನಿಗೆ ಗೊತ್ತಾಗುವುದು ಅಷ್ಟಕ್ಕಷ್ಟೆ. ಆದರೂ ಬಣ್ಣದ ಖಾತೆಯ ಮೇಸ್ತ್ರಿಗಳನ್ನು ಕೇಳಿ, ಅಂಗಡಿಗಳಲ್ಲಿ ನಿಂತು ನೋಡಿ, ಒಂದೆರಡು ಬಗೆಗಳನ್ನು ಮಹಡಿಯ ಮೇಲೆ ಕೈಯಾರೆ ಮಾಡಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕೂ ಮೊದಲು ಮೂಲ ಪಟದ ಮಾತು.

ಈ ಊರಿಗೆ ಭಾವಚಿತ್ರ ಹೊಸದಲ್ಲ. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳರು ೧೮೯೨ರಲ್ಲಿಯೇ ಇಲ್ಲಿ ಪರದೆಯ ಹೆಂಗಸರಿಗಾಗಿ ಬೇರೊಂದು ಸ್ಟುಡಿಯೋ ತೆರೆದಿದ್ದರು. ಅಲ್ಲಿ ಪಟ ತೆಗೆಯುವ ಕೆಲಸವನ್ನು ಒಬ್ಬ ಆಂಗ್ಲ ಮಹಿಳೆ ನೋಡಿಕೊಳ್ಳುತ್ತಿದ್ದಳು. ಆದರೆ ಅದು ಅರಮನೆ ದೇವಡಿಗಳ ಹೆಂಗಸರ ಮಾತು. ನಮ್ಮ ತಾಯಂದಿರಲ್ಲಿ ಎಷ್ಟೋ ಮಂದಿ ಮದುವೆಯಲ್ಲಿಯೂ ಪಟ ತೆಗೆಸಿಕೊಂಡವರಲ್ಲ. ೧೯೯೩ರಲ್ಲಿ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿ ಬಂದಿತು. ೨೦೧೦ರಿಂದ ಆಧಾರ್ ಚೀಟಿ ಬಂದಿತು. ಹೀಗೆ ಅನೇಕ ಬಡ ಹೆಂಗಸರ ಮೊದಲನೆಯ ಪಟವನ್ನೂ ಕಡೆಯ ಪಟವನ್ನೂ ತೆಗೆದದ್ದು ಸರಕಾರವೇ. ಶಾಲೆಯ ಪಡಸಾಲೆಯಲ್ಲಿ ಬಿಳಿಯ ಬಟ್ಟೆ ಕಟ್ಟಿ, ತಲೆಯ ಮೇಲಿನ ಸೆರಗು ಸರಿಸಿ ಕೂಡ್ರಿಸಿ ತೆಗೆದ, ಬೆರಳ ತುದಿಯಷ್ಟು ಮುಖ. ಮಗನಿಗೆ ಉಳಿದದ್ದು ಅಷ್ಟೆ.

ಇಂಥ ಒಂದೇ ಪಟವಿರುವಾಗ ಅದನ್ನು ಅಂಗಡಿಯವನ ಕೈಗೆ ಕೊಟ್ಟು ಬರಬಾರದು. ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ಕಾವಲುಗಾರರು ಹಾಗೆ ಕೊಟ್ಟರು. ಗಾಜಿನ ಚೌಕಟ್ಟಿನಲ್ಲಿದ್ದ ಹೆಂಡತಿಯ ಕಪ್ಪು ಬಿಳುಪಿನ ಪಟ, ಮೂವತ್ತು ಮಳೆಗಾಲ ಕಂಡದ್ದು. ಅಂಗಡಿಯವನು ಚೌಕಟ್ಟು ಬಿಚ್ಚಿ ಪಟವನ್ನು ಗಾಜಿನಿಂದ ಎಳೆದನು. ಕಾಗದ ಅವನ ಕೈಗೆ ಬಂದಿತು. ಮುಖ ಗಾಜಿನ ಮೇಲೆಯೇ ಉಳಿಯಿತು. ಅದಕ್ಕೆ ಕಾರಣವುಂಟು. ಹಳೆಯ ಪಟಗಳಲ್ಲಿ ಚಿತ್ರವಿರುವುದು ಕಾಗದದ ಮೇಲಿನ ಜೆಲಟಿನ್ ಎಂಬ ಅಂಟಿನ ಪದರದಲ್ಲಿ. ಬೆಳ್ಳಿಯ ಸಣ್ಣ ಕಣಗಳು ಅದರಲ್ಲಿ ಹುದುಗಿರುತ್ತವೆ. ಮಳೆಗಾಲದ ತೇವಕ್ಕೆ ಈ ಪದರ ಮೆತ್ತಗಾಗಿ ಗಾಜಿಗೆ ಹತ್ತಿಕೊಳ್ಳುತ್ತದೆ. ಹೀಗೆ ಹತ್ತಿಕೊಂಡ ಪಟವನ್ನು ಎಳೆಯದೆ, ನೀರು ಹಚ್ಚದೆ, ಗಾಜಿನ ಸಮೇತವಾಗಿಯೇ ನಕಲು ತೆಗೆಯಬೇಕು. ಕಿಟಕಿಯ ಪಕ್ಕದಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ಚೌಕಟ್ಟನ್ನು ನಿಲ್ಲಿಸಿ, ಬೆಳಕು ಓರೆಯಾಗಿ ಬರುವಂತೆ ನೋಡಿಕೊಂಡು, ಕಪ್ಪು ಬಟ್ಟೆಯನ್ನು ತಮ್ಮ ಮುಂದೆ ಇಳಿಬಿಟ್ಟುಕೊಂಡು ಮೊಬೈಲಿನಿಂದ ಪಟ ತೆಗೆದರೆ ಗಾಜಿನಲ್ಲಿ ತಮ್ಮ ಪ್ರತಿಬಿಂಬ ಬೀಳುವುದಿಲ್ಲ. ಬಿಡಿಯಾಗಿರುವ ಪಟವಾದರೆ ಸ್ಕ್ಯಾನರಿನ ಮೇಲಿಟ್ಟು ಅಂಗುಲಕ್ಕೆ ೬೦೦ ಚುಕ್ಕೆಯಂತೆ ನಕಲು ಮಾಡಿಸಬೇಕು. ಅದೂ ಎದುರಿಗೆ ನಿಂತು ಮಾಡಿಸಿ, ಮೂಲವನ್ನು ಅಲ್ಲಿಂದಲೇ ಮನೆಗೆ ತರಬೇಕು.

ಗುರುತಿನ ಚೀಟಿಯ ಪಟವಾದರೆ ಇನ್ನೆರಡು ಮಾತು. ಆಧಾರ್ ಚೀಟಿಯನ್ನು ಅಂಗಡಿಯಲ್ಲಿ ತೋರಿಸುವಾಗ ಸಂಖ್ಯೆಯ ಮೇಲೆ ಕಾಗದದ ತುಂಡು ಮುಚ್ಚಿ ಮುಖವನ್ನಷ್ಟೇ ನಕಲು ಮಾಡಿಸಿರಿ. ಚಿಕ್ಕ ಪಟವನ್ನು ದೊಡ್ಡದು ಮಾಡುವ ಆಸೆಯನ್ನೂ ಬಿಡಬೇಕು. ಲೆಕ್ಕ ಹೀಗೆ: ಬಟ್ಟೆಯ ಮೇಲೆ ಮುಖ ತಿಳಿಯಾಗಿ ಮೂಡಲು ಅಂಗುಲಕ್ಕೆ ೧೫೦ರಿಂದ ೨೦೦ ಚುಕ್ಕೆ ಸಾಕು, ನೂಲಿನ ಎಳೆಗಳೇ ಅದಕ್ಕಿಂತ ಸಣ್ಣದನ್ನು ತೋರಗೊಡುವುದಿಲ್ಲ. ಒಂದಂಗುಲದ ಪಟವನ್ನು ೬೦೦ ಚುಕ್ಕೆಗಳಲ್ಲಿ ನಕಲು ಮಾಡಿದರೆ ೨೦೦ರಂತೆ ಮೂರಂಗುಲ ಬರುತ್ತದೆ. ಅದನ್ನು ಮೀರಿಸಿದರೆ ತಾಯಿಯ ಮುಖಕ್ಕೆ ಬದಲಾಗಿ ಮಬ್ಬು ಚುಕ್ಕೆಗಳು ಕಾಣುತ್ತವೆ. ಈಗ ಯಂತ್ರಗಳು ಮಬ್ಬು ಮುಖವನ್ನು ತಿದ್ದಿ ಹೊಳೆಯುವಂತೆ ಮಾಡಿಕೊಡುತ್ತವೆ. ಆದರೆ ಯಂತ್ರ ಕಾಣದ ಕಣ್ಣುರೆಪ್ಪೆ, ತುಟಿಗಳನ್ನು ತನ್ನ ಊಹೆಯಿಂದ ತುಂಬುತ್ತದೆ. ಹಾಗೆ ಬಂದದ್ದು ಯಾರದೋ ಮುಖವಾಗುವುದುಂಟು. ಚಿಕ್ಕದನ್ನು ಚಿಕ್ಕದಾಗಿಯೇ ಇಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಊರಿನಿಂದ ತಮ್ಮನೋ ತಂಗಿಯೋ ಪಟ ಕಳಿಸುವುದಾದರೆ ವಾಟ್ಸಾಪಿನಲ್ಲಿ ಸಾದಾ ಚಿತ್ರವಾಗಿ ಕಳಿಸದೆ ದಾಖಲೆಯ ರೂಪದಲ್ಲಿ ಕಳಿಸಲು ಹೇಳಿರಿ. ಸಾದಾ ರೀತಿಯಲ್ಲಿ ಬಂದದ್ದು ಕುಗ್ಗಿ, ಚುಕ್ಕೆಗಳು ಕಡಿಮೆಯಾಗಿರುತ್ತವೆ.

ಇನ್ನು ಬಟ್ಟೆ. ಅಚ್ಚು ಹಾಕಿಸುವವರು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆ ಇದು: ನನ್ನ ಬಟ್ಟೆ ಹತ್ತಿಯೋ, ಪಾಲಿಯೆಸ್ಟರೋ, ಎರಡೂ ಬೆರೆತದ್ದೋ? ಎಲ್ಲವೂ ಇದರ ಮೇಲೆ ನಿಂತಿದೆ. ಅಂಚಿನಿಂದ ಒಂದೆರಡು ಎಳೆ ಕಿತ್ತು ಚಿಮಟಿಗೆಯಲ್ಲಿ ಹಿಡಿದು ಬೆಂಕಿ ಮುಟ್ಟಿಸಿರಿ. ಕಾಗದದಂತೆ ಉರಿದು, ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಉದುರುವ ಬೂದಿಯಾದರೆ ಅದು ಹತ್ತಿ. ಕರಗಿ ಮುದುಡಿ, ಆರಿದ ಮೇಲೆ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಉರಿದೂ ಉರಿದು ಕೊನೆಗೆ ಒರಟು ಉಂಡೆ ಉಳಿದರೆ ಬೆರಕೆ. ಈಗ ಪೇಟೆಯಲ್ಲಿ ಬರುವ ಧೋತರಗಳಲ್ಲಿ ಬೆರಕೆಯವು ಬಹಳ. ಹೆಸರು ಕೇಳಿ ನಂಬದೆ ಎಳೆ ಸುಟ್ಟು ನೋಡುವುದೇ ಸರಿ.

ಹೊಸ ಬಟ್ಟೆಯಾದರೆ ಅದರಲ್ಲಿ ಗಂಜಿ ಇರುತ್ತದೆ. ಗಿರಣಿಯಲ್ಲಿ ಹಾಸಿನ ನೂಲು ಮಗ್ಗದ ಎಳೆತಕ್ಕೆ ಕಡಿಯದಿರಲೆಂದು ಗಂಜಿ ಹಚ್ಚುತ್ತಾರೆ. ನೇಯ್ದ ಮೇಲೆ ಮೆರುಗು ಬರಲೆಂದು ಮತ್ತೆ ಹಚ್ಚುವುದೂ ಉಂಟು. ಗಂಜಿಯಿರುವ ಬಟ್ಟೆಯ ಮೇಲೆ ಕೂತ ಬಣ್ಣ ಗಂಜಿಯೊಡನೆ ಮೊದಲ ಒಗೆತಕ್ಕೆ ಹೋಗಿಬಿಡುತ್ತದೆ. ಬಿಸಿನೀರಿನಲ್ಲಿ ಎರಡು ಮೂರು ಸಲ ಒಗೆದು, ಒಣಗಿಸಿ, ಒಂದು ಹನಿ ನೀರು ಹಾಕಿರಿ. ಹನಿ ಮಣಿಯಂತೆ ನಿಂತರೆ ಗಂಜಿ ಹೋಗಿಲ್ಲ. ತಟ್ಟನೆ ಇಂಗಿದರೆ ಹೋಗಿದೆ. ಒಗೆಯುವುದರಿಂದ ಇನ್ನೊಂದು ಲಾಭವೆಂದರೆ ಕುಗ್ಗುವುದೆಲ್ಲ ಮೊದಲೇ ಕುಗ್ಗಿರುತ್ತದೆ. ಒಗೆಯದ ಹೊಸ ಬಟ್ಟೆಯನ್ನು ಹಳೆಯ ಸೀರೆಗಳ ನಡುವೆ ಹೊಲಿದರೆ ಅದೊಂದೇ ಮುಂದೆ ಕುಗ್ಗಿ ಮುಖ ಸೊಟ್ಟಗಾಗುತ್ತದೆ.

ಈ ಎರಡು ಲೆಕ್ಕಗಳನ್ನೂ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ನೂರಾರು ಸಲ ಒಗೆದ, ಗಂಜಿಯಿಲ್ಲದ, ಕುಗ್ಗುವುದು ಮುಗಿದ, ಬಿಳಿಯ ಹತ್ತಿಯ ಬಟ್ಟೆ ಬೇರೆ ಯಾವುದೂ ಅಲ್ಲ, ಅಪ್ಪನ ಹಳೆಯ ಧೋತರ. ಮುದ್ರಣದ ಮಸಿ ಪಾರದರ್ಶಕವಾದುದು. ಬಿಳಿಯ ಮೇಲೆ ಮಾತ್ರ ಅದು ತನ್ನ ನಿಜವಾದ ಬಣ್ಣ ತೋರುತ್ತದೆ. ಅವ್ವನ ದಾಳಿಂಬೆ ಬಣ್ಣದ ಇಲಕಲ್ಲ ಸೀರೆಯ ಮೇಲೆ ಅವ್ವನ ಮುಖ ಅಚ್ಚು ಹಾಕುತ್ತೇನೆಂದರೆ ಏನೂ ಕಾಣದು. ಸೀರೆಯನ್ನು ಸುತ್ತಲೂ ಕೂಡಿಸಿ, ಪಟವನ್ನು ಧೋತರದ ಮೇಲೆ ಮೂಡಿಸಬೇಕು. ಧೋತರ ಹಳತಾಗಿ ತೆಳುವಾಗಿದ್ದರೆ ಹಿಂದೆ ಇನ್ನೊಂದು ಪದರ ಕೊಟ್ಟು ಹೊಲಿಯಬಹುದು.

ಅಚ್ಚಿನ ಬಗೆಗಳಿಗೆ ಬರೋಣ. ಪೇಟೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಉತ್ಪತನದ ಅಚ್ಚು. ಕರ್ಪೂರ ಕರಗಿ ನೀರಾಗದೆ ನೇರವಾಗಿ ಆವಿಯಾಗುವುದಷ್ಟೆ? ಹಾಗೆಯೇ ಆವಿಯಾಗುವ ಒಂದು ಜಾತಿಯ ಬಣ್ಣವುಂಟು. ಅದನ್ನು ಕಾಗದದ ಮೇಲೆ ಮುದ್ರಿಸಿ, ಕಾಗದವನ್ನು ಬಟ್ಟೆಯ ಮೇಲಿಟ್ಟು ಸುಮಾರು ೨೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒತ್ತಿದರೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯ ಒಳಕ್ಕೇ ಹೋಗಿ ನಿಲ್ಲುತ್ತದೆ. ಮುಟ್ಟಿದರೆ ಅಚ್ಚು ಕೈಗೆ ತಾಕುವುದಿಲ್ಲ, ಒಗೆದರೆ ಹೋಗುವುದಿಲ್ಲ. ಲೋಟದ ಮೇಲೆ ಪಟ, ನುಣುಪಾದ ಕಂಬಳಿಯ ಮೇಲೆ ಪಟ ಹಾಕಿಕೊಡುವುದೆಲ್ಲ ಇದೇ ರೀತಿ. ಲೋಟಕ್ಕೆ ಮೊದಲೇ ತಕ್ಕ ಲೇಪನ ಕೊಟ್ಟಿರುತ್ತಾರೆ. ಆದರೆ ಹತ್ತಿಗೆ ಈ ಬಣ್ಣ ಹಿಡಿಯದು. ಧೋತರ ತೆಗೆದುಕೊಂಡು ಹೋದವನಿಗೆ ಇದನ್ನು ಮಾಡಿಕೊಟ್ಟರೆ ಅಂಗಡಿಯಲ್ಲಿ ಮಸುಕಾಗಿ ಕಂಡ ಮುಖ ನಾಲ್ಕು ಒಗೆತಕ್ಕೆ ಮಾಯವಾಗುತ್ತದೆ.

ಹತ್ತಿಗೆ ಇಸ್ತ್ರಿಯಿಂದ ಒತ್ತುವ ಕಾಗದವುಂಟು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ಕಾಗದದ ಮೇಲೆ ಮುದ್ರಿಸಿ, ಬಟ್ಟೆಯ ಮೇಲೆ ಮಗುಚಿ, ನೀರಿನ ಆವಿಯಿಲ್ಲದ ಒಣ ಇಸ್ತ್ರಿಯಿಂದ ಒತ್ತಿ ಕಾಗದ ಸುಲಿಯುವುದು. ಸುಲಭವೂ ಹೌದು, ಅಗ್ಗವೂ ಹೌದು. ಆದರೆ ಚಿತ್ರವಿರುವುದು ಬಟ್ಟೆಯ ಮೇಲೆ ಕೂತ ತೆಳುವಾದ ಪೊರೆಯಲ್ಲಿ. ಮಡಚಿದಲ್ಲಿ ಪೊರೆ ಬಿರಿಯುತ್ತದೆ. ಕೌದಿ ಎಂದರೆ ದಿನಾ ಮಡಚಿ ದಿನಾ ಬಿಚ್ಚುವ ವಸ್ತು. ಆದಕಾರಣ ಇದು ನನಗೆ ಒಗ್ಗಲಿಲ್ಲ. ಅಂಗಿಯ ಮೇಲೆ ಯಂತ್ರದಿಂದ ನೇರವಾಗಿ ಮಸಿ ಸಿಂಪಡಿಸುವ ಮುದ್ರಣ ಇದಕ್ಕಿಂತ ವಾಸಿ. ಬಟ್ಟೆಗೆ ಮೊದಲು ಒಂದು ದ್ರವ ಸಿಂಪಡಿಸಿ, ಅದರ ಮೇಲೆ ಮಸಿ ಹಾಕಿ, ಶಾಖ ಕೊಟ್ಟು ನಿಲ್ಲಿಸುತ್ತಾರೆ. ಬನಿಯನ್ನುಗಳ ಮೇಲೆ ಅಚ್ಚು ಹಾಕುವ ಅಂಗಡಿಗಳಲ್ಲಿ ಈ ಯಂತ್ರ ಸಿಗುತ್ತದೆ. ಧೋತರದ ತುಂಡನ್ನು ಹಲಗೆಗೆ ಬಿಗಿದು ಮುದ್ರಿಸಿಕೊಡುವಿರಾ ಎಂದು ಕೇಳಬೇಕು. ಮನೆಯಲ್ಲಿ ಸಾದಾ ಮಸಿಯ ಮುದ್ರಣಯಂತ್ರವಿದ್ದವರು ಕಾಗದದ ಬೆನ್ನು ಹಚ್ಚಿದ ಸಿದ್ಧ ಹತ್ತಿಯ ಹಾಳೆಗಳನ್ನು ತಂದು ಮುದ್ರಿಸಬಹುದು. ಕರಗುವ ಬಣ್ಣದ ಮಸಿಗಿಂತ ಕಣಗಳ ಮಸಿ ಬೆಳಕಿಗೂ ನೀರಿಗೂ ಹೆಚ್ಚು ತಾಳುತ್ತದೆ. ಲಗ್ನಪತ್ರಿಕೆಗಳಿಗೆ ಹೆಸರಾದ ಛತ್ತಾ ಬಜಾರಿನ ಕಡೆಯ ಪರದೆ ಅಚ್ಚೂ ಗಟ್ಟಿಯಾದುದೇ. ಆದರೆ ಒಂದು ಪಟಕ್ಕಾಗಿ ಒಂದು ಪರದೆ ಸಿದ್ಧಪಡಿಸಬೇಕಾದುದರಿಂದ ಅಣ್ಣತಮ್ಮಂದಿರು, ಅಕ್ಕತಂಗಿಯರು ಸೇರಿ ಆರೇಳು ಕೌದಿ ಮಾಡಿಸುವಾಗ ಮಾತ್ರ ಅದು ಗಿಟ್ಟುತ್ತದೆ.

ನನ್ನ ಮನಸ್ಸಿಗೆ ಬಂದದ್ದು ಇವು ಯಾವುವೂ ಅಲ್ಲ, ಬಿಸಿಲಿನ ನೀಲಿ ಅಚ್ಚು. ಯಂತ್ರವಿಲ್ಲದೆ, ಹತ್ತಿಯ ಮೇಲೆ, ಕೈಯಾರೆ ಮಾಡಬಹುದಾದುದು ಇದೊಂದೇ. ೧೮೪೨ರಲ್ಲಿ ಇಂಗ್ಲೆಂಡಿನ ಖಗೋಲಶಾಸ್ತ್ರಜ್ಞ ಜಾನ್ ಹರ್ಷೆಲ್ ಇದನ್ನು ಕಂಡುಹಿಡಿದನು. ಮರುವರ್ಷವೇ ಆನಾ ಅಟ್ಕಿನ್ಸ್ ಎಂಬ ಮಹಿಳೆ ಸಮುದ್ರದ ಪಾಚಿಗಳ ಚಿತ್ರಗಳನ್ನು ಈ ವಿಧಾನದಿಂದ ತೆಗೆದು ಪುಸ್ತಕ ಮಾಡಲಾರಂಭಿಸಿದಳು. ಮುಂದೆ ಇಂಜಿನಿಯರುಗಳು ಕಟ್ಟಡದ ನಕ್ಷೆಗಳ ಪ್ರತಿ ತೆಗೆಯಲು ಇದನ್ನೇ ಹಿಡಿದರು. ನೀಲಿಯ ನೆಲದ ಮೇಲೆ ಬಿಳಿಯ ಗೆರೆ ಬರುತ್ತಿದ್ದುದರಿಂದಲೇ ನೀಲನಕ್ಷೆ ಎಂಬ ಮಾತು ಹುಟ್ಟಿತು. ನಮ್ಮ ಪತ್ರಿಕೆಗಳು ಈಗ ಯಾವ ಯೋಜನೆಗಾದರೂ ನೀಲನಕ್ಷೆ ಎನ್ನುತ್ತವೆ; ಆ ನೀಲಿ ಎಲ್ಲಿಯದೆಂದು ಕೇಳುವವರಿಲ್ಲ. ಅಮೆರಿಕದಲ್ಲಿ ನೂರು ವರ್ಷಗಳ ಹಿಂದೆಯೇ ಹೆಂಗಸರು ಮನೆಯವರ ಪಟಗಳನ್ನು ಹೀಗೆ ಬಟ್ಟೆಗಿಳಿಸಿ ತಲೆದಿಂಬಿಗೂ ಹೊದಿಕೆಗೂ ಹಾಕಿಕೊಂಡಿದ್ದರು.

ಮಾಡುವ ಕ್ರಮ ಇಂತಿದೆ. ಪ್ರಯೋಗಶಾಲೆಯ ಸಾಮಾನು ಮಾರುವ ಅಂಗಡಿಯಿಂದ ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳನ್ನು ತರಬೇಕು. ಮೊದಲನೆಯದು ಹಸಿರು ಬಣ್ಣದ್ದಾಗಿರಲಿ. ಅದನ್ನು ೨೫ ಗ್ರಾಂ ತೆಗೆದುಕೊಂಡು ೧೦೦ ಮಿಲಿಲೀಟರ್ ನೀರಿನಲ್ಲಿ, ಎರಡನೆಯದನ್ನು ೧೦ ಗ್ರಾಂ ತೆಗೆದುಕೊಂಡು ಬೇರೊಂದು ೧೦೦ ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಬೇರೆ ಬೇರೆ ಸೀಸೆಗಳಲ್ಲಿಡಿ. ಹಚ್ಚುವ ಹೊತ್ತಿಗೆ ಮಾತ್ರ ಎರಡನ್ನೂ ಸಮಸಮವಾಗಿ ಬೆರೆಸಬೇಕು. ಅಡಿಗೆಯ ಪಾತ್ರೆ ಬಳಸಕೂಡದು. ಕೈಗೆ ರಬ್ಬರಿನ ಚೀಲವಿರಲಿ. ಮಕ್ಕಳಿಗೆ ಸಿಗದಂತೆ ಇಡಿ. ಬಚ್ಚಲು ತೊಳೆಯುವ ಆಮ್ಲದ ಹತ್ತಿರವಂತೂ ತರಲೇಬಾರದು. ಧೋತರದ ತುಂಡಿನಲ್ಲಿ ಸಾಬೂನಿನ ಅಂಶವಿಲ್ಲದಂತೆ ಬರಿಯ ನೀರಿನಲ್ಲಿ ಜಾಲಿಸಿ ಒಣಗಿಸಿ, ಮಂದ ಬೆಳಕಿನ ಕೋಣೆಯಲ್ಲಿ ಕುಂಚದಿಂದ ಈ ದ್ರಾವಣ ಹಚ್ಚಿ, ಕತ್ತಲೆಯಲ್ಲಿಯೇ ಒಣಗಲು ಬಿಡಬೇಕು. ಒಣಗಿದಾಗ ಅದು ಹಳದಿ ಹಸಿರಾಗಿರುತ್ತದೆ.

ಈ ನಡುವೆ ಪಟದ ವಿಲೋಮ ಪ್ರತಿಯನ್ನು ಪಾರದರ್ಶಕ ಹಾಳೆಯ ಮೇಲೆ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದಿರಬೇಕು. ವಿಲೋಮವೆಂದರೆ ಕಪ್ಪಿದ್ದಲ್ಲಿ ಬಿಳಿ, ಬಿಳಿಯಿದ್ದಲ್ಲಿ ಕಪ್ಪು. ಹಿಂದಿನ ಕಾಲದ ಸ್ಟುಡಿಯೋದ ನೆಗೆಟಿವ್ ಇದ್ದಂತೆ. ಬಟ್ಟೆಯನ್ನು ಹಲಗೆಯ ಮೇಲೆ ಹಾಸಿ, ಮೇಲೆ ಈ ಹಾಳೆ, ಅದರ ಮೇಲೆ ಗಾಜು ಇಟ್ಟು ಬಿಗಿದು ಮಹಡಿಯ ಬಿಸಿಲಿಗಿಡಿ. ನಮ್ಮ ಊರಿನ ನಡುಹಗಲಿನ ಬಿಸಿಲಿಗೆ ಹತ್ತರಿಂದ ಇಪ್ಪತ್ತು ನಿಮಿಷ ಸಾಕು. ಹಾಳೆಯ ಹೊರಗಿನ ಬಟ್ಟೆ ಕಂಚಿನಂಥ ಬೂದು ಬಣ್ಣಕ್ಕೆ ತಿರುಗಿದಾಗ ತೆಗೆದು ನೀರಿಗೆ ಹಾಕಿರಿ. ಬೆಳಕು ಬಿದ್ದಲ್ಲಿ ಕಬ್ಬಿಣದ ಲವಣ ಕರಗದ ನೀಲಿಯಾಗಿ ಎಳೆಗೆ ಕಚ್ಚಿಕೊಂಡಿರುತ್ತದೆ. ಬೆಳಕು ಬೀಳದಲ್ಲಿ ಲವಣ ತೊಳೆದುಹೋಗಿ ಬಿಳಿ ಉಳಿಯುತ್ತದೆ. ಕೊಳವೆ ಬಾವಿಯ ನೀರಾದರೆ ಮೊದಲ ತೊಳೆತಕ್ಕೆ ಒಂದೆರಡು ಚಮಚ ವಿನಿಗರ್ ಸೇರಿಸಿರಿ. ಹಳದಿ ನೀರು ಬರುವುದು ನಿಲ್ಲುವ ತನಕ ತೊಳೆದು ನೆರಳಲ್ಲಿ ಒಣಹಾಕಿದರೆ ಮರುದಿನಕ್ಕೆ ನೀಲಿ ಇನ್ನೂ ಗಾಢವಾಗುತ್ತದೆ. ಮೊದಲು ಬೇಡವಾದ ತುಂಡುಗಳ ಮೇಲೆ ಐದು, ಹತ್ತು, ಹದಿನೈದು ನಿಮಿಷಗಳ ಪರೀಕ್ಷೆ ಮಾಡಿ ನೋಡಿದ ಹೊರತು ಧೋತರಕ್ಕೆ ಕೈಹಾಕಬೇಡಿರಿ; ಧೋತರ ಮತ್ತೆ ಸಿಗುವ ವಸ್ತುವಲ್ಲ.

ಗುರುತಿನ ಚೀಟಿಯ ಮಂಕು ಪಟ ಬಣ್ಣದ ಅಚ್ಚಿನಲ್ಲಿ ದರಿದ್ರವಾಗಿ ಕಾಣುವುದು ನೀಲಿಯಲ್ಲಿ ಘನವಾಗಿ ಕಾಣುತ್ತದೆ. ಇದು ನನ್ನ ಕಣ್ಣಿನ ಅಭಿಪ್ರಾಯ. ಬಣ್ಣವೇ ಬೇಕೆನ್ನುವವರ ಸಂಗಡ ನನಗೆ ಜಗಳವಿಲ್ಲ.

ಈಗ ಹೊಲಿಗೆ. ಇಲ್ಲಿ ಗಂಡಸರ ಮಾತು ನಡೆಯದು. ಮೇಲೆ ಹೇಳಿದ ಕಾವಲುಗಾರರಿಗೆ ಅವರ ಮಗಳ ಮದುವೆಯ ಗುಂಪಿನ ಪಟವೊಂದರಲ್ಲಿ ಹೆಂಡತಿಯ ಮುಖ ಸಿಕ್ಕಿತು. ಅದನ್ನು ಹತ್ತಿಯ ಮೇಲೆ ಅಚ್ಚು ಮಾಡಿಸಿ ಊರಿಗೆ ಒಯ್ದರು. ಕೌದಿಯ ನಟ್ಟನಡುವೆ ಹನ್ನೆರಡು ಅಂಗುಲದ ಪಟ ಕೂಡಿಸಬೇಕೆಂದು ಅವರ ಆಸೆ. ಕೌದಿ ಹೊಲಿಯುವ ಮುದುಕಿ ಬಟ್ಟೆಯನ್ನು ನೋಡಿ, ಈಕೆಯ ಮುಖದ ಮೇಲೆ ನಾನು ಸೂಜಿ ಹಾಯಿಸುವುದಿಲ್ಲ ಎಂದಳಂತೆ. ಆಕೆಯ ಮಾತಿನಲ್ಲಿ ಭಾವನೆಯೂ ಇದೆ, ಕಸುಬೂ ಇದೆ. ಕೌದಿಯ ಹೊಲಿಗೆ ಬರಿಯ ಅಂದಕ್ಕಲ್ಲ. ಒಳಗಿನ ಪದರಗಳು ಸರಿಯದಂತೆ ಹಿಡಿಯುವುದೇ ಅದು. ಹೊಲಿಗೆಯಿಲ್ಲದ ಜಾಗ ಒಂದು ಗೇಣು ಮೀರಿದರೆ ಒಳಗಿನ ಹಳೆಯ ಬಟ್ಟೆ ಗಂಟು ಕಟ್ಟುತ್ತದೆ. ಮುಖಕ್ಕೆ ಸೂಜಿ ಹಾಯಿಸುವಂತಿಲ್ಲ, ಹೊಲಿಗೆ ಬಿಡುವಂತಿಲ್ಲ. ಎರಡೂ ನಡೆಯಬೇಕಾದರೆ ಪಟ ಐದಾರು ಅಂಗುಲಕ್ಕಿಂತ ಚಿಕ್ಕದಿರಬೇಕು. ಪಟದ ಸುತ್ತ ಒಂದಂಗುಲ ಬಿಳಿಯ ಅಂಚು ಬಿಟ್ಟು, ಅರ್ಧ ಅಂಗುಲ ಒಳಮಡಚಿ ಹೊಲಿದು, ಕೌದಿಯ ಉದ್ದನೆಯ ಹೊಲಿಗೆಗಳನ್ನು ಆ ಅಂಚಿಗೆ ತಂದು ತಿರುಗಿಸಬೇಕು. ಕೊನೆಗೆ ಆ ಮುದುಕಿ ಒಪ್ಪಿ ಹೊಲಿದದ್ದು ನಾಲ್ಕಂಗುಲದ ಪಟ.

ಎಲ್ಲಿ ಕೂಡಿಸಬೇಕು? ನಡುವೆ ಬೇಡವೇ ಬೇಡ. ಹಾಸಿದರೆ ಮೈಯ ತಿಕ್ಕು, ಹೊದ್ದರೆ ಮಡಚಿನ ತಿಕ್ಕು ಎರಡೂ ನಡುವಿಗೇ. ಮೇಲಾಗಿ ಹಿರಿಯರ ಪಟಕ್ಕೆ ಕಾಲು ತಾಗುವುದನ್ನು ನಮ್ಮ ಮನೆಗಳಲ್ಲಿ ಯಾರೂ ಸಹಿಸರು. ಕೌದಿಗೆ ಸಾಮಾನ್ಯವಾಗಿ ತಲೆಯ ಕಡೆ ಕಾಲಿನ ಕಡೆ ಎಂಬ ಭೇದವಿರುವುದಿಲ್ಲ. ಕತ್ತಲೆಯಲ್ಲಿ ಎಳೆದುಕೊಂಡವನಿಗೆ ಯಾವ ಕಡೆ ಬಂದಿತೆಂದು ಗೊತ್ತಾಗದು. ಆದುದರಿಂದ ಪಟ ಹಾಕುವ ಕೌದಿಗೆ ಒಂದು ತುದಿಯಲ್ಲಿ ಅಗಲವಾದ ಸೀರೆಯ ಅಂಚನ್ನು ಕೊಟ್ಟು, ಕೈ ಮುಟ್ಟಿದರೆ ತಿಳಿಯುವಂತೆ ತಲೆಯ ಕಡೆ ಗುರುತು ಮಾಡಿ, ಆ ತುದಿಯ ಮೂಲೆಯಲ್ಲಿ ಪಟ ಕೂಡಿಸಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಮಡಚಿದ ಮುಕ್ಕೋನದ ತುಂಡುಗಳನ್ನು ಹೊಲಿದು ಅದಕ್ಕೆ ಹೂವು ಎನ್ನುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಎಂದು ಅವರ ಎಣಿಕೆ. ಅಮೆರಿಕದ ವಿದ್ವಾಂಸರಾದ ಹೆನ್ರಿ ಡ್ರೂವಲ್ ಇದನ್ನೆಲ್ಲ ಕೇಳಿ ಬರೆದುಕೊಂಡು ಹೋಗಿದ್ದಾರೆ. ಆ ಹೆಂಗಸರು ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ ಅಂಚಿನಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುವರು. ಹಾಗೆ ಹೊಲಿಯುವವರಿಗೆ ಮೂಲೆಯ ಪಟವನ್ನು ಮೊದಲ ದಿನವೇ ಕೊಡಬೇಕು. ಅರ್ಧ ಹೊಲಿದ ಮೇಲೆ ತಂದುಕೊಟ್ಟರೆ ಜಾಗವಿರುವುದಿಲ್ಲ.

ಪಟದ ಕೆಳಗೆ ಹೆಸರನ್ನು ದಾರದಿಂದಲೇ ಬರೆಯಿರಿ. ಮಸಿ ಯಾವುದಾದರೂ ಒಂದು ದಿನ ಮಾಸುತ್ತದೆ. ದಾರ ಬಟ್ಟೆ ಇರುವ ತನಕ ಇರುತ್ತದೆ. ೧೯೮೭ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಏಡ್ಸ್ ರೋಗದಿಂದ ತೀರಿಕೊಂಡವರಿಗಾಗಿ ಕ್ಲೀವ್ ಜೋನ್ಸ್ ಎಂಬವರು ಒಂದು ಹೊದಿಕೆಯ ಕೆಲಸ ಆರಂಭಿಸಿದರು. ಒಬ್ಬೊಬ್ಬರಿಗೆ ಮೂರಡಿ ಅಗಲ ಆರಡಿ ಉದ್ದದ ಒಂದು ಬಟ್ಟೆ, ಗೋರಿಯ ಅಳತೆ. ಅದೇ ವರ್ಷದ ಅಕ್ಟೋಬರ್ ೧೧ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ ೧,೯೨೦ ಬಟ್ಟೆಗಳನ್ನು ಹಾಸಿದರು. ಈಗ ಸುಮಾರು ೫೦,೦೦೦ ಇವೆ. ಅವುಗಳಲ್ಲಿ ಸತ್ತವರ ಅಂಗಿಗಳುಂಟು, ಪಟಗಳುಂಟು. ಆದರೆ ಬಟ್ಟೆಬಟ್ಟೆಗೂ ಎದ್ದು ಕಾಣುವುದು ಹೆಸರು. ನಮ್ಮ ಕೌದಿಗಳಲ್ಲಿ ಹೆಸರು ಬರೆಯುವ ರೂಢಿ ಇಲ್ಲ. ಹೊಲಿದವಳಿಗೆ ಓದು ಬರುತ್ತಿರಲಿಲ್ಲ ಎಂಬುದು ಒಂದು ಕಾರಣ, ಯಾರ ಸೀರೆ ಎಂದು ಮನೆಯವರಿಗೆಲ್ಲ ಗೊತ್ತಿರುತ್ತಿತ್ತು ಎಂಬುದು ಇನ್ನೊಂದು. ಈ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅಜ್ಜಿಯ ಸೀರೆ ಯಾವುದೆಂದು ಹೇಗೆ ಗೊತ್ತಾಗಬೇಕು? ಹೆಸರು, ಊರು, ಹೊಲಿದ ಇಸವಿ ಇವಿಷ್ಟನ್ನು ಶಾಲೆಗೆ ಹೋಗುವ ಹುಡುಗಿಯ ಕೈಯಿಂದ ಪೆನ್ಸಿಲಿನಲ್ಲಿ ಬರೆಯಿಸಿ, ಅದರ ಮೇಲೆ ದಾರ ಹಾಯಿಸಬಹುದು.

ದಿನಾ ಹೊದೆಯುವ ಕೌದಿಯಾದರೆ ಪಟದ ತುಂಡನ್ನು ಗಟ್ಟಿಯಾಗಿ ಹೊಲಿಯದೆ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ ಕೂಡಿಸಿದರೆ ಒಗೆಯುವಾಗ ಬಿಚ್ಚಿ ಬೇರೆ ಇಡಬಹುದು. ಕೌದಿಯನ್ನು ಬಂಡೆಗೆ ಬಡಿದು ಒಗೆಯುವುದೇ ನಮ್ಮ ರೂಢಿ. ಹಾಗೆ ಒಗೆಯದಿದ್ದರೆ ಒಳಗಿನ ಮಣ್ಣು ಹೋಗದು. ಯಾವ ಅಚ್ಚೂ ಆ ಬಡಿತಕ್ಕೆ ತಾಳುವುದಿಲ್ಲ. ಬಿಚ್ಚಿದ ತುಂಡನ್ನು ತಣ್ಣೀರಿನಲ್ಲಿ ಕೈಯಿಂದ ಹಿಂಡದೆ ಒಗೆದು, ಮಗುಚಿ ನೆರಳಲ್ಲಿ ಒಣಗಿಸಿ, ಇಸ್ತ್ರಿ ಬೇಕಾದರೆ ಹಿಂಬದಿಯಿಂದ ಮಾಡಿರಿ. ನೀಲಿ ಅಚ್ಚಿಗೆ ಸೋಡಾ ಬೆರೆತ ಒಗೆಯುವ ಪುಡಿ ಶತ್ರು. ಕ್ಷಾರ ತಾಗಿದರೆ ನೀಲಿ ಹಳದಿಗೆ ತಿರುಗಿ ಮುಖ ಅಳಿಸುತ್ತದೆ. ಬ್ಲೀಚಿಂಗ್ ಪುಡಿಯೂ ಅಷ್ಟೆ. ಅದಕ್ಕೆ ಅಂಟುವಾಳದ ನೀರು ಒಳ್ಳೆಯದು. ರೇಷ್ಮೆ ಸೀರೆ ಒಗೆಯುವ ಹೆಂಗಸರಿಗೆ ಇದು ತಿಳಿದ ಸಂಗತಿಯೇ. ನೀಲಿ ಅಚ್ಚು ಬಿಸಿಲಿಗೆ ಸ್ವಲ್ಪ ಮಾಸಿದರೂ ಕೆಲವು ದಿನ ಕತ್ತಲೆಯಲ್ಲಿಟ್ಟರೆ ಬಹುಮಟ್ಟಿಗೆ ಮರಳಿ ಬರುವ ಗುಣವುಳ್ಳದ್ದು. ಉಳಿದ ಅಚ್ಚುಗಳಿಗೆ ಈ ಗುಣವಿಲ್ಲ.

ನಕಲು ಮಾಡಿದ ಪಟವನ್ನು ಮೊಬೈಲಿನಲ್ಲಿ ಮಾತ್ರ ಇಡಬೇಡಿರಿ. ಊರಿನಲ್ಲಿರುವ ಅಣ್ಣತಮ್ಮಂದಿರಿಗೊಂದು ಪ್ರತಿ ಕಳಿಸಿ, ಕಾಗದದ ಮೇಲೊಂದು ಪ್ರತಿ ತೆಗೆಸಿ, ಮೂಲವನ್ನು ಗಾಜಿಗೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಟ್ಟು ಚೌಕಟ್ಟಿಗೆ ಹಾಕಿಸಿರಿ.

ಉತ್ಪತನದ ಅಚ್ಚು, ಇಸ್ತ್ರಿಯ ಅಚ್ಚು, ನೀಲಿ ಅಚ್ಚು, ಈ ಮೂರರ ಮಾದರಿ ತುಂಡುಗಳನ್ನು ಒಗೆಯದೆ ಒಂದು, ಹತ್ತು ಸಲ ಒಗೆದು ಒಂದು, ಹೀಗೆ ಜೋಡಿಯಾಗಿ ರಟ್ಟಿಗೆ ಹೊಲಿದು ವಾಚನಾಲಯದ ದಿನಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದ್ದೇನೆ. ನೋಡಬಯಸುವವರು ಬಂದು ಮುಟ್ಟಿ ನೋಡಬಹುದು. ನೀಲಿ ಅಚ್ಚು ಮಾಡಬೇಕೆನ್ನುವವರು ವಿಲೋಮ ಪ್ರತಿಯನ್ನು ಸಿದ್ಧಪಡಿಸಿಕೊಂಡು, ಮಳೆ ಮೋಡವಿಲ್ಲದ ಭಾನುವಾರ ಹನ್ನೊಂದು ಗಂಟೆಯ ಒಳಗೆ ಬಂದರೆ ದ್ರಾವಣವೂ ಗಾಜೂ ಇಲ್ಲಿಯೇ ಸಿಗುತ್ತವೆ. ಧೋತರದ ತುಂಡನ್ನು ಮಾತ್ರ ತಾವೇ ತರಬೇಕು.